ಹುಲಿ ನಮಗೆ ಕಾಣಿಸಿಕೊಳ್ಳಲೇಬೇಕೇ?

ರಜೆಯಲ್ಲಿ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿಬಂದ ಕುಟುಂಬದವರನ್ನು ಪ್ರವಾಸ ಹೇಗಿತ್ತೆಂದು ಕೇಳಿ ನೋಡಿ. ಉತ್ತರ ಬಹುಮಟ್ಟಿಗೆ ಒಂದೇ: "ಏನು ಬಿಡಿ ಫಾದರ್, ಹುಲಿ ಕಾಣಲೇ ಇಲ್ಲ. ದುಡ್ಡು ದಂಡ." ಜಿಂಕೆಯ ಹಿಂಡು ಕಂಡಿರುತ್ತದೆ, ಕಾಟಿ ಕಂಡಿರುತ್ತದೆ, ನವಿಲು ಕಂಡಿರುತ್ತದೆ. ಅವೆಲ್ಲ ಲೆಕ್ಕಕ್ಕಿಲ್ಲ.

ಪ್ರಿಯ ಓದುಗರೇ, ಈ ಮಾತಿನಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ ಎಂದರೆ ನಿಮಗೆ ನಗು ಬರಬಹುದು. ಆದರೆ ಯೋಚಿಸಿ. ನಾವು ಹಣ ಕೊಟ್ಟದ್ದು ಜೀಪಿನಲ್ಲಿ ಕೂರುವುದಕ್ಕೆ. ಆ ವ್ಯಾಪಾರಕ್ಕೆ ಹುಲಿ ಒಪ್ಪಿಗೆ ಕೊಟ್ಟಿಲ್ಲ. ಒಂಟಿಯಾಗಿ ತಿರುಗುವ, ಹೆಚ್ಚಾಗಿ ಮುಸ್ಸಂಜೆಯಿಂದ ನಸುಕಿನವರೆಗೆ ಬೇಟೆಯಾಡುವ ಪ್ರಾಣಿ ಅದು. ಮರೆಯಲ್ಲಿರುವುದರಿಂದಲೇ ಅದರ ಹೊಟ್ಟೆ ತುಂಬುತ್ತದೆ. ನಮ್ಮ ಕ್ಯಾಮೆರಾದ ಮುಂದೆ ಬಂದು ನಿಲ್ಲಬೇಕಾದ ಯಾವ ಋಣ ಅದಕ್ಕಿದೆ?

ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಪ್ರಾಣಿಗಳು ಮನುಷ್ಯನ ಉಪಯೋಗಕ್ಕಾಗಿ ಇವೆ ಎಂದು ಅವರು ಬೋಧಿಸಿದ್ದು ನಿಜ. ದೇವರ ಒಳ್ಳೆಯತನವನ್ನು ಯಾವ ಒಂದು ಸೃಷ್ಟಿಯೂ ಪೂರ್ಣವಾಗಿ ತೋರಲಾರದು, ಆದ್ದರಿಂದಲೇ ಇಷ್ಟು ಬಗೆಯ ಸೃಷ್ಟಿಗಳು ಎಂದು ಹೇಳಿದವರೂ ಅವರೇ. ಮೊದಲನೆಯ ಮಾತನ್ನಷ್ಟೇ ಹಿಡಿದುಕೊಂಡವನಿಗೆ ಕಾಣದ ಹುಲಿ ಬರೀ ನಷ್ಟ. ಎರಡನೆಯದನ್ನೂ ನೆನಪಿಟ್ಟವನು, ಪೊದೆಯ ಹಿಂದೆ ಹುಲಿ ಇದೆಯೆಂದು ಜಿಂಕೆಯೊಂದು ಕೂಗಿ ತಿಳಿಸಿದರೆ ಅಷ್ಟಕ್ಕೇ ಕೈಮುಗಿದಾನು.

ಯೋಬನ ಗ್ರಂಥದ ಕೊನೆಯ ಭಾಗವನ್ನು ಮನೆಯಲ್ಲಿ ಒಮ್ಮೆ ತೆರೆದು ಓದಿ. ನೊಂದ ಯೋಬನ ಮುಂದೆ ದೇವರು ಸಿಂಹ, ಕಾಡುಮೇಕೆ, ಕಾಡುಕತ್ತೆ, ಗಿಡುಗಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಯುದ್ಧದ ಕುದುರೆಯೊಂದನ್ನು ಬಿಟ್ಟರೆ ಅಲ್ಲಿನ ಯಾವುದೂ ಮನುಷ್ಯನ ಕೊಟ್ಟಿಗೆಯದಲ್ಲ. ಕಾಡುಮೇಕೆ ಮರಿ ಹಾಕುವ ಹೊತ್ತು ನಿನಗೆ ಗೊತ್ತೇ ಎಂದು ಯೋಬನನ್ನು ಕೇಳುತ್ತಾರೆ. ಅವನಿಗೆ ಗೊತ್ತಿಲ್ಲ. ಅವನು ನೋಡದಿದ್ದರೂ ಮರಿ ಹುಟ್ಟುತ್ತದೆ.

ಇದು ಬರೀ ತತ್ವದ ಮಾತಲ್ಲ. ವಯನಾಡಿನಲ್ಲಿ ನೆಂಟರಿರುವ ನಮ್ಮ ಮೈಸೂರು ಸೀಮೆಯವರಿಗೆ ಇದರ ಬಿಸಿ ತಟ್ಟಿದೆ. ಬಂಡೀಪುರದ ಕಾಡಿನ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆ ಬಿತ್ತು. ಮದುವೆಗೆ, ಸಾವಿಗೆ ಸುತ್ತುದಾರಿ ಹಿಡಿಯಬೇಕಾದವರ ಕಷ್ಟ ಸುಳ್ಳಲ್ಲ. ಆದರೆ ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ಈ ತಡೆಯನ್ನು ನಾನು ಒಂದು ಬಗೆಯ ಉಪವಾಸವೆಂದೇ ಎಣಿಸುತ್ತೇನೆ. ನಾವು ಅಲ್ಲಿಲ್ಲದ ಆ ಒಂಬತ್ತು ಗಂಟೆ ಅವುಗಳ ಪಾಲು.

ಹಾಗಾದರೆ ನೋಡುವ ಆಸೆಯೇ ತಪ್ಪೇ? ಖಂಡಿತ ಅಲ್ಲ. ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಮೊದಲು ಹೇಳುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹಕ್ಕಿ ನೋಡಲು ಜೀಪು ಬೇಡ. ಸಂಕ್ರಾಂತಿಯ ನಂತರದ ತಿಂಗಳುಗಳಲ್ಲಿ ಹೋದರೆ, ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ! ನೀವು ಕತ್ತೆತ್ತಿ ಮೇಲೆ ನೋಡುತ್ತೀರಿ. ಸ್ವಲ್ಪ ಕೆಳಗೂ ನೋಡಿ. ಅಂಗಳದ ತುಂಬ ಹಿಕ್ಕೆ, ಮೀನಿನ ನಾತ. ಅದನ್ನು ಗುಡಿಸುವವರು ಆ ಮನೆಯವರು. ಹಕ್ಕಿ ಕೂತ ಮರದ ಹುಣಸೆಹಣ್ಣು ಅವರಿಗೆ ಸರಿಯಾಗಿ ದಕ್ಕುವುದಿಲ್ಲ; ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟ ಯುವಕರು ಆ ಊರಲ್ಲಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಕಾನೂನು ಬರುವುದಕ್ಕೆ ಎಷ್ಟೋ ಮುಂಚೆ ಹಕ್ಕಿಗಳೂ ಊರವರೂ ಒಟ್ಟಿಗೆ ಬಾಳಿದ್ದರು.

ಎಲ್ಲ ಕಡೆ ಬೆಲೆ ಹುಣಸೆಹಣ್ಣಿನಷ್ಟೇ ಅಲ್ಲ. ಕಾಡಂಚಿನ ರೈತನ ರಾಗಿ ಹೊಲಕ್ಕೆ ಆನೆ ನುಗ್ಗುತ್ತದೆ, ಹಟ್ಟಿಯ ಹಸುವನ್ನು ಹುಲಿ ಒಯ್ಯುತ್ತದೆ, ಕೆಲವೊಮ್ಮೆ ಮನುಷ್ಯನೇ ಬಲಿಯಾಗುತ್ತಾನೆ. ಅಂಥ ಮನೆಯ ಮುಂದೆ ನಿಂತು ಸೃಷ್ಟಿಯ ಸೊಬಗಿನ ಬಗ್ಗೆ ಪ್ರಸಂಗ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ನೋಡುವ ಸುಖ ಪೇಟೆಯವರಿಗೆ, ನಷ್ಟ ಅವನಿಗೆ ಎಂಬುದು ನ್ಯಾಯವಲ್ಲ. ಅವನಿಗೆ ಪರಿಹಾರ ತಡವಾದರೆ ಅದನ್ನು ಕೇಳಬೇಕಾದವರಲ್ಲಿ ಸಫಾರಿಗೆ ಹೋಗಿಬಂದ ನಾವೂ ಸೇರಿದ್ದೇವೆ.

ದೂರ ಹೋಗಲು ಅನುಕೂಲವಿಲ್ಲದವರು ಬೇಸರಿಸಬೇಕಿಲ್ಲ. ಗುಬ್ಬಿಗಿಂತ ಚಿಕ್ಕದಾದ ಸೂರಕ್ಕಿ ನಿಮ್ಮ ಹಿತ್ತಲಿನ ಗಿಡಕ್ಕೇ ಬಂದೀತು. ಜೇಡರ ಬಲೆಯ ಎಳೆಗಳಿಂದ ನಾರು, ತೊಗಟೆಯ ಚೂರುಗಳನ್ನು ಅಂಟಿಸಿ, ಕೊಂಬೆಯ ತುದಿಯಲ್ಲಿ ಚೀಲದಂತೆ ತೂಗುವ ಗೂಡು ಕಟ್ಟುತ್ತದೆ. ಕಂಡರೆ ಕೊಂಬೆ ಬಗ್ಗಿಸಿ ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ; ತಾಯಿ ಗೂಡು ಬಿಟ್ಟುಹೋಗಬಹುದು. ಬಟ್ಟೆ ಒಣಗಿಸುವ ತಂತಿ ಅಲ್ಲೇ ಹಾದಿದ್ದರೆ ಮರಿಗಳು ಹಾರುವ ತನಕ ಬೇರೆ ಕಡೆ ಕಟ್ಟಿಕೊಳ್ಳಿ. ಮಕ್ಕಳನ್ನು ಕಿಟಕಿಯ ಒಳಗೆ ಸುಮ್ಮನೆ ಕೂರಿಸಿ, ಪರದೆಯನ್ನು ಒಂದು ಬೆರಳಷ್ಟು ಸರಿಸಿಕೊಡಿ.