ಹೂತಿಟ್ಟ ತಲಾಂತು

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ತಲಾಂತುಗಳ ಸಾಮ್ಯವಿದೆ. ಪರದೇಶಕ್ಕೆ ಹೊರಟ ಯಜಮಾನ ತನ್ನ ಆಳುಗಳಿಗೆ ಅವರವರ ಶಕ್ತಿಗೆ ತಕ್ಕಂತೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸುತ್ತಾನೆ. ಮೊದಲಿಬ್ಬರು ದುಡಿದು ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ. ಯಜಮಾನ ಮರಳಿದಾಗ, ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಸಿಗುವ ಮೆಚ್ಚುಗೆ ಒಂದೇ. ಹೆಚ್ಚು ಕಡಿಮೆಯ ಲೆಕ್ಕ ಅಲ್ಲಿಲ್ಲ. ಮೂರನೆಯವನೂ ಕದ್ದವನಲ್ಲ, ಪೋಲು ಮಾಡಿದವನಲ್ಲ. ಅಂಜಿಕೆ ಅವನ ಕೈ ಕಟ್ಟಿತು, ಮೈಗಳ್ಳತನ ಅದಕ್ಕೆ ಜೊತೆಯಾಯಿತು.

ಅಂಜಿಕೆಯನ್ನು ದಾಟಿದವರೊಬ್ಬರನ್ನು ಅಹಮದಾಬಾದ್ ಕಂಡಿದೆ. 1925ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಕಾರ್ಲೋಸ್ ವಾಲೆಸ್ 1949ರಲ್ಲಿ ಭಾರತಕ್ಕೆ ಬಂದರು. 1960ರಿಂದ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಪಾಠಕ್ಕೆ ಇಂಗ್ಲಿಷ್ ಸಾಕಿತ್ತು. ಆದರೆ ಹುಡುಗರ ಮನಸ್ಸು ಮುಟ್ಟಬೇಕಾದರೆ ಅವರ ತಾಯ್ನುಡಿಯೇ ಬೇಕೆಂದು ಗುಜರಾತಿ ಕಲಿತರು, ಅದರಲ್ಲೇ ಬರೆಯತೊಡಗಿದರು. ಮೊದಲ ಪುಸ್ತಕ ‘ಸದಾಚಾರ’ಕ್ಕೆ ಪ್ರಕಾಶಕರು ಸಿಗಲಿಲ್ಲ; ತಾಯಿ ಕೊಟ್ಟ ಹಣದಲ್ಲಿ ಅದು ಅಚ್ಚಾಯಿತು. ಮುಂದೆ 1978ರಲ್ಲಿ ಗುಜರಾತಿ ಸಾಹಿತ್ಯದ ದೊಡ್ಡ ಗೌರವವಾದ ರಣಜಿತ್‌ರಾಮ್ ಸುವರ್ಣ ಚಂದ್ರಕ ಅವರಿಗೆ ಸಂದಿತು.

ಹೆಸರು ಬಂದ ಮೇಲೂ ಅವರು ನೆಮ್ಮದಿಯಾಗಿ ಕೂರಲಿಲ್ಲ. ಪಾದ್ರಿಗಳ ನಿವಾಸ ಬಿಟ್ಟು, ಹಳೆಯ ಊರಿನ ‘ಪೋಳ’ ಎಂಬ ಇಕ್ಕಟ್ಟಾದ ಓಣಿಗಳಲ್ಲಿ ಮನೆಯಿಂದ ಮನೆಗೆ ಅತಿಥಿಯಾಗಿ ಹೋಗಿ, ಆ ಮನೆಯವರು ಬಡಿಸಿದ್ದನ್ನು ಉಂಡು, ಸುಮಾರು ಹತ್ತು ವರ್ಷ ಬದುಕಿದರು. ಬೇರೆ ಧರ್ಮದವರ ಮನೆಯ ಮಗನಂತಾಗಲು ಅವರ ವಿಶ್ವಾಸ ಅಡ್ಡಿಯಾಗಲಿಲ್ಲ. ಆ ವಿಶ್ವಾಸವೇ ಅವರನ್ನು ಅಲ್ಲಿಗೆ ಕರೆದೊಯ್ದಿತು. 2020ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು.

ಗುಜರಾತಿಯನ್ನು ತಮ್ಮದಾಗಿಸಿಕೊಂಡ ಪಾದ್ರಿಗಳ ಈ ಪರಂಪರೆಯಲ್ಲಿ ನಮ್ಮ ಬಳ್ಳಾರಿಗೂ ಪಾಲಿದೆ. ಅಲ್ಲಿ 1820ರಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಜೋಸೆಫ್ ವ್ಯಾನ್ ಸೊಮೆರೆನ್ ಟೇಲರ್, ಬರೋಡಾ ಅಂದರೆ ಇಂದಿನ ವಡೋದರಾ ಸೀಮೆಯಲ್ಲಿ ಸೇವೆಗೆ ನಿಂತು, ಗುಜರಾತಿಯ ವ್ಯಾಕರಣವನ್ನು ಗುಜರಾತಿಯಲ್ಲೇ ಬರೆದರು. ಅದು ಬಂದದ್ದು 1867ರಲ್ಲಿ.

ಇಂಥವರ ಕಥೆ ಕೇಳಿ, ‘ಅವರು ಐದು ತಲಾಂತಿನವರು, ನಮ್ಮದು ಒಂದೇ’ ಎಂದು ಸುಮ್ಮನಾಗುವುದು ಸುಲಭ. ಸಾಮ್ಯ ಎಚ್ಚರಿಸುವುದು ಆ ಮಾತಿನ ಬಗ್ಗೆಯೇ. ನಿವೃತ್ತ ಮೇಷ್ಟರಿಗೆ ಲೆಕ್ಕ ಹೇಳಿಕೊಡಲು ಬರುತ್ತದೆ. ಪಕ್ಕದ ಬೀದಿಯ ಮಗು ಲೆಕ್ಕದಲ್ಲೇ ಫೇಲಾಗುತ್ತಿದೆ. ದೇವರು ಕೊಟ್ಟ ಶಕ್ತಿಗೂ ಒಬ್ಬರ ಕೊರತೆಗೂ ನಡುವೆ ಇರುವುದು ಬಹಳ ಸಲ ನಮ್ಮ ಸಂಕೋಚ ಮಾತ್ರ. ವರವೆಂಬುದು ನಮ್ಮ ಸ್ವತ್ತಲ್ಲ, ಇನ್ನೊಬ್ಬರಿಗೆ ತಲುಪಿಸಲೆಂದು ಒಪ್ಪಿಸಿದ್ದು. ನನ್ನಲ್ಲಿರುವುದು ಯಾರಿಗೆ ಬೇಕಾಗಿದೆ ಎಂದು ಕೇಳಿಕೊಳ್ಳೋಣ. ಗೊತ್ತಾದ ದಿನವೇ ಅವರ ಬಾಗಿಲಿಗೆ ಹೋಗೋಣ.