ಎತ್ತಿನ ಸೋಮವಾರ, ದುಬೈನ ಭಾನುವಾರ

ದುಬೈನ ಕನ್ನಡಿಗರ ಮನೆಗಳಿಗೆ ಯುಗಾದಿ ಹೆಚ್ಚಿನ ವರ್ಷಗಳಲ್ಲಿ ಎರಡು ಸಲ ಬರುತ್ತದೆ. 2023ರಲ್ಲಿ ಪಂಚಾಂಗದ ಯುಗಾದಿ ಮಾರ್ಚ್ 22, ಬುಧವಾರ. ಅಂಥ ಯುಗಾದಿ ಬೆಳಗಿನ ಗಡಿಬಿಡಿಯಲ್ಲಿ ಒಂದು ಚಮಚ ಬೇವು-ಬೆಲ್ಲವಾಗಿ ಬಂದು, ಮೆಟ್ರೋ ಹಿಡಿಯಲು ಓಡುವವರ ಜೊತೆಗೇ ಬಾಗಿಲು ದಾಟಿ ಹೋಗಿಬಿಡುತ್ತದೆ. ಹೋಳಿಗೆಯ ಯುಗಾದಿ ಮಾತ್ರ ವೀಕೆಂಡಿಗಾಗಿ ಕಾದಿರುತ್ತದೆ. ಅದೊಂದೇ ಅಲ್ಲ, ಗಣಪತಿ, ವರಮಹಾಲಕ್ಷ್ಮಿ, ರಾಜ್ಯೋತ್ಸವ, ಗೃಹಪ್ರವೇಶ, ನಾಮಕರಣ, ಎಲ್ಲವೂ ಆ ಎರಡು ದಿನಗಳ ಕೊರಳಿಗೇ ಬಿದ್ದಿರುತ್ತವೆ. ಶನಿವಾರ ಬೆಳಿಗ್ಗೆ ಕರಾಮದಲ್ಲಿ ಬಾಳೆಎಲೆ, ತರಕಾರಿ. ಹತ್ತಕ್ಕೆ ಮಕ್ಕಳ ಕನ್ನಡ ತರಗತಿ. ಮಧ್ಯಾಹ್ನ ಯಾರದೋ ಮನೆಯ ಸತ್ಯನಾರಾಯಣ. ಸಂಜೆ ಸಂಘದ ಕಾರ್ಯಕ್ರಮ. ಭಾನುವಾರ ಜೆಬೆಲ್ ಅಲಿಯ ದೇವಸ್ಥಾನ. 2022ರ ವಿಜಯದಶಮಿಯ ಹೊತ್ತಿಗೆ ಆ ದೇವಸ್ಥಾನ ವಿಧಿವತ್ತಾಗಿ ತೆರೆದಾಗ ನೂಕುನುಗ್ಗಲು ತಡೆಯಲು ಮೊಬೈಲಿನಲ್ಲಿ ಸಮಯ ಕಾದಿರಿಸಿ, ಕ್ಯೂಆರ್ ಕೋಡ್ ತೋರಿಸಿ ಒಳಹೋಗುವ ಏರ್ಪಾಡಿತ್ತು. ದೇವರ ಹತ್ತಿರವೂ ಅಪಾಯಿಂಟ್‌ಮೆಂಟ್ ಎಂದು ಊರಿನಲ್ಲಿದ್ದವರು ನಕ್ಕದ್ದು ಸಹಜವೇ. ಆ ನಗೆಯ ಹಿಂದೆ ಒಂದು ನಿಜವಾದ ಆಕ್ಷೇಪವಿದೆ. ಹಬ್ಬದ ದಿನವನ್ನು ಗೊತ್ತುಮಾಡುವುದು ಚಂದ್ರನೋ, ಕಂಪನಿಯ ಎಚ್‌ಆರ್ ವಿಭಾಗವೋ? ಸಂಬಳ ಕೊಡುವವನು ಬಿಟ್ಟುಕೊಟ್ಟ ಹೊತ್ತಿನಲ್ಲಿ ಮಾಡಿದ್ದು ಪೂಜೆಯೇ, ಅಥವಾ ಪೂಜೆಯ ಹೆಸರಿನ ಇನ್ನೊಂದು ತಿರುಗಾಟವೇ?

ಆಕ್ಷೇಪದ ಬುಡದಲ್ಲಿರುವುದು ಪುಣ್ಯಕಾಲ ಆಕಾಶದಲ್ಲಿ ಒಂದೇ ಕಡೆ ಅಚ್ಚಾಗಿ ನಿಂತಿದೆ ಎಂಬ ನಂಬಿಕೆ. ಪಂಚಾಂಗವೇ ಅದನ್ನು ಒಪ್ಪುವುದಿಲ್ಲ. ಸೂರ್ಯನಿಂದ ಚಂದ್ರ ಹನ್ನೆರಡು ಅಂಶ ಸರಿದರೆ ಒಂದು ತಿಥಿ. ಅದು ಸುಮಾರು 19 ಗಂಟೆಗೂ ಮುಗಿಯಬಹುದು, 26 ಗಂಟೆಗೂ ಎಳೆಯಬಹುದು. ಜಗತ್ತಿಗೆಲ್ಲ ತಿಥಿ ಒಂದೇ ಕ್ಷಣದಲ್ಲಿ ಹುಟ್ಟುತ್ತದೆ, ಆದರೆ ಅದು ಯಾವ ದಿನದ ತಿಥಿ ಎಂದು ಹೇಳುವುದು ಆಯಾ ಊರಿನ ಸೂರ್ಯೋದಯ. ಹಾಗಾಗಿ ಅಮೆರಿಕದಲ್ಲಿರುವ ಮಗಳ ಏಕಾದಶಿ ಊರಿನ ತಾಯಿಯದಕ್ಕಿಂತ ಒಂದು ದಿನ ಮೊದಲೇ ಬೀಳುವುದುಂಟು. ಇಬ್ಬರೂ ಶಾಸ್ತ್ರಕ್ಕೆ ಸರಿಯಾಗಿಯೇ ಉಪವಾಸವಿದ್ದಾರೆ. ಅಷ್ಟು ದೂರವೇಕೆ, 2023ರ ಗಣೇಶ ಚೌತಿಯನ್ನು ಬೆಂಗಳೂರು ಸೆಪ್ಟೆಂಬರ್ 18ಕ್ಕೂ ಮಂಗಳೂರು 19ಕ್ಕೂ ಮಾಡಿದವು. ಸಂಕಲ್ಪ ಹೇಳುವಾಗ ಕಾಲದ ಜೊತೆಗೆ ದೇಶವನ್ನೂ ಹೇಳುವ ಪದ್ಧತಿ ಇದಕ್ಕಾಗಿಯೇ ಇದ್ದಂತಿದೆ. ಅಮೆರಿಕದ ಪುರೋಹಿತರಲ್ಲಿ ಕೆಲವರು ಜಂಬೂದ್ವೀಪದ ಜಾಗಕ್ಕೆ ಕ್ರೌಂಚದ್ವೀಪವನ್ನು ತಂದಿದ್ದಾರೆ. ಭೂಗೋಳ ಹೇಗಾದರೂ ಇರಲಿ, ನಿಂತ ನೆಲವನ್ನು ಹೆಸರಿಸದೆ ಪೂಜೆ ನಡೆಯದೆಂಬ ಅರಿವು ಅವರಿಗಿದೆ. ಇದೆಲ್ಲ ಸರಿ, ಸೂರ್ಯೋದಯಕ್ಕೆ ಹೊಂದಿಕೊಳ್ಳುವುದು ಬೇರೆ, ಬಾಸ್‌ಗೆ ಹೊಂದಿಕೊಳ್ಳುವುದು ಬೇರೆ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತು. ಅದಕ್ಕೆ ಉತ್ತರ ಬೇಕಾದರೆ ವಾರವನ್ನೇ ಸ್ವಲ್ಪ ಬಿಚ್ಚಿ ನೋಡಬೇಕು.

ಯುಎಇಯಲ್ಲಿ ವಾರಾಂತ್ಯ ಎರಡು ಸಲ ಜಾಗ ಬದಲಿಸಿದೆ. 2006ರಲ್ಲಿ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬಂತು. 2022ರ ಜನವರಿಯಿಂದ ಶುಕ್ರವಾರ ಅರ್ಧ ದಿನ, ಶನಿವಾರ-ಭಾನುವಾರ ಪೂರ್ತಿ ರಜೆ. ಪಕ್ಕದ ಶಾರ್ಜಾ ಶುಕ್ರವಾರವನ್ನೂ ಇಟ್ಟುಕೊಂಡು ಮೂರು ದಿನ ಮಾಡಿಕೊಂಡಿತು. ಕಾರಣ ಅಡಗಿದ್ದೇನಲ್ಲ, ಜಗತ್ತಿನ ಮಾರುಕಟ್ಟೆಗಳ ವಾರಕ್ಕೆ ಸರಿಹೊಂದುವುದು. ಮುಸ್ಲಿಂ ದೇಶವೊಂದು ಶುಕ್ರವಾರವನ್ನು ಅರ್ಧ ಬಿಟ್ಟುಕೊಟ್ಟಿತೆಂದು ಹೊರಗಿನವರು ಹುಬ್ಬೇರಿಸಿದರು. ಆದರೆ ಶುಕ್ರವಾರ ಯಾವತ್ತೂ ವಿಶ್ರಾಂತಿಯ ದಿನವಾಗಿರಲಿಲ್ಲ. ಪ್ರಾರ್ಥನೆಯ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬನ್ನಿ, ಮುಗಿದ ಮೇಲೆ ಚದುರಿ ನಿಮ್ಮ ನಿಮ್ಮ ದುಡಿಮೆಗೆ ಹೋಗಿ ಎಂಬುದೇ ಕುರಾನಿನ ನಿರ್ದೇಶ. ಅಲ್ಲಿ ಪವಿತ್ರವಾದದ್ದು ಕೂಡುವುದು, ಕೈಕಟ್ಟಿ ಕೂರುವುದಲ್ಲ. ಇದಕ್ಕಿಂತ ಕುತೂಹಲದ್ದು ಅಲ್ಲಿನ ಚರ್ಚುಗಳ ಕತೆ. ಮಂಗಳೂರು, ಗೋವಾ, ಕೇರಳ, ಫಿಲಿಪ್ಪೀನ್ಸ್‌ನಿಂದ ಬಂದ ಕ್ರೈಸ್ತರು ಎಷ್ಟೋ ವರ್ಷ ತಮ್ಮ ವಾರದ ದೊಡ್ಡ ಪೂಜೆಗೆ ಕೂಡುತ್ತಿದ್ದುದು ಶುಕ್ರವಾರ. ಜನ ಬರಬಲ್ಲ ದಿನ ಅದಾಗಿತ್ತು. ಹಾಗೆಂದು ಅವರ ಭಕ್ತಿ ಎರಡನೇ ದರ್ಜೆಯದಾಯಿತೆಂದು ಅಂಗಳ ತುಂಬಿ ನಿಲ್ಲುತ್ತಿದ್ದ ಆ ಜನರ ಮುಂದೆ ಹೇಳುವ ಧೈರ್ಯ ಯಾರಿಗಿದ್ದೀತು?

ಹಾಗಾದರೆ ಯಾವ ದಿನವಾದರೂ ಆದೀತು, ಅವರವರ ಅನುಕೂಲ ಎನ್ನೋಣವೇ? ಇಲ್ಲ. ಈ ಅನುಕೂಲದ ತರ್ಕವನ್ನು ಒಂದು ಸರ್ಕಾರ ಕೊನೆಯ ತನಕ ಎಳೆದು ನೋಡಿದೆ. 1929ರಲ್ಲಿ ಸೋವಿಯತ್ ಆಡಳಿತ, ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಏಳು ದಿನದ ವಾರವನ್ನು ಕಿತ್ತುಹಾಕಿ ಐದು ದಿನದ ಸುತ್ತು ತಂದಿತು. ಕೆಲಸಗಾರರನ್ನು ಐದು ಪಾಲು ಮಾಡಿ, ಪ್ರತಿ ಪಾಲಿಗೆ ಒಂದು ಬಣ್ಣ ಕೊಟ್ಟು, ಬೇರೆ ಬೇರೆ ದಿನ ರಜೆ ಹಂಚಿತು. ಲೆಕ್ಕಕ್ಕೆ ಇದು ಲಾಭವೇ, ಏಳಕ್ಕೊಂದರ ಬದಲು ಐದಕ್ಕೊಂದು ರಜೆ. ಆದರೆ ಗಂಡನದು ಹಳದಿ, ಹೆಂಡತಿಯದು ಹಸಿರು. ಒಬ್ಬರು ಮನೆಯಲ್ಲಿದ್ದಾಗ ಇನ್ನೊಬ್ಬರು ಕಾರ್ಖಾನೆಯಲ್ಲಿ. ಚರ್ಚಿನ ಭಾನುವಾರವನ್ನು ಮುರಿಯುವುದೂ ಒಳಗಿನ ಆಸೆಯಾಗಿತ್ತು. ಅದರ ಜೊತೆಗೆ ಚಹದ ಮೇಜೂ ಮುರಿಯಿತು. 1931ರಲ್ಲಿ ಎಲ್ಲರಿಗೂ ಒಂದೇ ದಿನದ ರಜೆಯಿರುವ ಆರು ದಿನದ ವಾರಕ್ಕೆ, 1940ರಲ್ಲಿ ಮತ್ತೆ ಭಾನುವಾರಕ್ಕೆ ಅವರು ಮರಳಬೇಕಾಯಿತು. ಒಬ್ಬೊಬ್ಬರಿಗೇ ಕೊಟ್ಟ ರಜೆ ಬರೀ ಮೈಯ ದಣಿವಾರಿಸುವ ಬಿಡುವು. ದಿನಕ್ಕೆ ಒಂದು ಪಾವಿತ್ರ್ಯ ಇರುವುದಾದರೆ ಅದು ಬರುವುದು ನಾನು ಬಿಡುವಾಗಿದ್ದಾಗ ನೀನೂ ಬಿಡುವಾಗಿರುವುದರಿಂದ. ಬುಧವಾರದ ಯುಗಾದಿಯನ್ನು ಭಾನುವಾರಕ್ಕೆ ಒಯ್ದಾಗ ಹಬ್ಬ ತನ್ನ ಜನರನ್ನೂ ಕರೆದುಕೊಂಡೇ ಹೋಗುತ್ತದೆ. ಹಾಗಾಗಿ ಅಲ್ಲಿ ಕಳೆದದ್ದು ಕಡಿಮೆ. ವೀಕೆಂಡಿನ ಆ ಉಸಿರುಗಟ್ಟಿಸುವ ಓಡಾಟದ ಬಗ್ಗೆಯೂ ಇದೇ ಮಾತು: ವಾರಕ್ಕೆ ಐದು ದಿನ ಚದುರಿ ಹೋದ ಬಳಗವನ್ನು ಎರಡು ದಿನದಲ್ಲಿ ಗುಡ್ಡೆಹಾಕುವ ಕೆಲಸ ದಣಿಸದೆ ಬಿಡುವುದಿಲ್ಲ. ಊರಿನ ಮದುವೆಮನೆಯಲ್ಲಿ ವಿಶ್ರಾಂತಿ ಸಿಕ್ಕಲಿಲ್ಲವೆಂದು ಯಾರು ದೂರುತ್ತಾರೆ?

ನಮ್ಮಲ್ಲೇ ಇನ್ನೊಂದು ದನಿ ಈ ಚರ್ಚೆಯನ್ನೇ ತಳ್ಳಿಹಾಕೀತು. ಹನ್ನೆರಡನೆಯ ಶತಮಾನದ ಶರಣರು ತಿಥಿ-ವಾರ-ನಕ್ಷತ್ರಗಳ ಲೆಕ್ಕವನ್ನು ಒಪ್ಪಿದವರಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿಬಿದ್ದರೂ ಕಾಯಕ ಬಿಡಲಿಲ್ಲವೆಂಬ ಕತೆಯಿದೆ. ದುಡಿಮೆಯೇ ಪೂಜೆಯಾದಲ್ಲಿ ರಜೆಗೆ ಯಾವ ಮಹತ್ವ? ಈ ಕತೆಯನ್ನು ಓವರ್‌ಟೈಮ್ ಮಾಡಿಸುವವರು ಎತ್ತಿಕೊಳ್ಳುವುದು ಸುಲಭವಾದ್ದರಿಂದಲೇ ಎಚ್ಚರ ಬೇಕು. ಚಂದಯ್ಯನ ಹಗ್ಗ ಅವನದೇ ಕೈಯ ಹಗ್ಗ, ಅದರ ಗಳಿಕೆ ದಾಸೋಹಕ್ಕೆ ಹೋಗುತ್ತಿತ್ತು. ತನ್ನ ಕಾಯಕವನ್ನು ನಿಲ್ಲಿಸೆನೆಂದವನು ಅವನು. ಇನ್ನೊಬ್ಬನನ್ನು ನಿಲ್ಲಗೊಡದೆ ದುಡಿಸುವ ಹಕ್ಕನ್ನು ಆ ಕತೆ ಯಾರಿಗೂ ಕೊಟ್ಟಿಲ್ಲ.

ಪ್ರಶ್ನೆಯ ನಿಜವಾದ ಮುಳ್ಳು ಇಲ್ಲಿದೆ. ಯೆಹೂದ್ಯರ ಸಬ್ಬತ್ ವಿಧಿ ಯಜಮಾನನಿಗಷ್ಟೇ ಬಿಡುವು ಹೇಳಿ ಸುಮ್ಮನಾಗುವುದಿಲ್ಲ. ಮಗ, ಮಗಳು, ಆಳು, ಎತ್ತು, ಕತ್ತೆ, ಕೊನೆಗೆ ಊರಬಾಗಿಲೊಳಗಿರುವ ಪರದೇಶಿ, ಇಷ್ಟೂ ಜನ-ಜಾನುವಾರನ್ನು ಹೆಸರು ಹಿಡಿದು ಸೇರಿಸುತ್ತದೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಅವತ್ತು ಕೊಟ್ಟಿಗೆಯ ಎತ್ತು ಮೈತೊಳೆಸಿಕೊಂಡು ಮೇಯುತ್ತ ನಿಂತಿರುತ್ತದೆ, ಬಿತ್ತನೆಯ ಹದ ತಪ್ಪುವಂತಿದ್ದರೂ. ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ 1890ರಲ್ಲಿ ಭಾನುವಾರದ ರಜೆ ದಕ್ಕಿಸಿದ ನಾರಾಯಣ ಮೇಘಾಜಿ ಲೋಖಂಡೆ, ಆ ವಾರ ಖಂಡೋಬನದು ಎಂದು ವಾದಿಸಿದ್ದರು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ಅರ್ಜಿ ಹಾಕಿದ್ದು ಕಾರ್ಮಿಕರು, ದಿನ ಆರಿಸಿಕೊಟ್ಟದ್ದು ದೇವರು. ದುಡಿಸಿಕೊಳ್ಳುವವನ ಕೈಗೆ ಎಟುಕದ ಹಾಗೆ ಒಂದು ದಿನವನ್ನು ಮೇಲೆತ್ತಿ ಇಡುವುದಕ್ಕೆ ದೇವರ ಹೆಸರು ಬೇಕಾಯಿತು.

ದುಬೈನ ಭಾನುವಾರವನ್ನು ಈ ಬೆಳಕಿನಲ್ಲಿ ನೋಡಿದರೆ, ಹಬ್ಬ ಜಾಗ ಬದಲಿಸಿತೆಂಬ ಕೊರಗಿಗಿಂತ ದೊಡ್ಡದೊಂದು ಕಣ್ಣಿಗೆ ಬೀಳುತ್ತದೆ. ಹೋಳಿಗೆಯೂಟದ ಮನೆಗೆ ಜನರನ್ನು ತಂದುಬಿಟ್ಟ ಟ್ಯಾಕ್ಸಿಯವನು, ಮರೆತ ಕೊಬ್ಬರಿ ಹಿಡಿದು ಬೈಕಿನಲ್ಲಿ ಬಂದ ಡೆಲಿವರಿ ಹುಡುಗ, ಕೆಳಗೆ ಲಾಬಿಯಲ್ಲಿ ನಿಂತ ವಾಚ್‌ಮನ್, ಒಳಗೆ ಸಿಂಕಿನಲ್ಲಿ ನಲವತ್ತು ಜನರ ಪಾತ್ರೆ ಎದುರಿಗಿಟ್ಟುಕೊಂಡು ನಿಂತ ಮನೆಗೆಲಸದವಳು: ಎಲ್ಲರೂ ಪರದೇಶಿಗಳೇ, ಕರೆದವರೂ ಬಂದವರೂ ಸೇರಿ. ಎಲ್ಲರೂ ರಜೆ ಹಾಕಿದರೆ ಊರು ನಡೆಯುವುದು ಹೇಗೆ ಎಂಬ ಪ್ರಶ್ನೆ ಹಳೆಯದು. ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ರಜೆ ಸಾರಿದಾಗಲೇ, ಹದ ಕಾಯುವುದಿಲ್ಲವೆಂದು ರೈತರನ್ನು ಬಿಟ್ಟಿದ್ದ. ಆಸ್ಪತ್ರೆ, ಅಗ್ನಿಶಾಮಕ, ವಿಮಾನ ನಿಲ್ಲಲಾರವು, ಒಪ್ಪೋಣ. ಸತ್ಯನಾರಾಯಣ ಪೂಜೆಯ ಪಾತ್ರೆ ಆ ಸಾಲಿಗೆ ಸೇರುವುದೇ? ಯುಎಇಯ 2022ರ ಕಾನೂನು ಮನೆಗೆಲಸದವರಿಗೆ ವಾರಕ್ಕೊಂದು ಸಂಬಳಸಹಿತ ರಜೆ ಕೊಟ್ಟಿದೆ. ಆ ದಿನ ದುಡಿಸಿಕೊಂಡರೆ ಬದಲಿ ದಿನವನ್ನೋ ಹಣವನ್ನೋ ಕೊಡಬೇಕು. ಕಾನೂನು ಅಷ್ಟನ್ನೇ ಹೇಳಬಲ್ಲದು. ಭಾನುವಾರದ ಬದಲಿಗೆ ಬುಧವಾರ ಸಿಕ್ಕರೆ ಲೆಕ್ಕ ಚುಕ್ತಾ, ಆದರೆ ಆ ಬುಧವಾರ ಅವಳ ಗೆಳತಿಯರು ಡ್ಯೂಟಿಯಲ್ಲಿರುತ್ತಾರೆ, ಚರ್ಚಿನ ಅಂಗಳ ಖಾಲಿ, ಊರಿಗೆ ಫೋನ್ ಮಾಡಿದರೆ ಮಕ್ಕಳು ಶಾಲೆಯಲ್ಲಿ. ನಮ್ಮ ಯುಗಾದಿ ಬುಧವಾರದಿಂದ ಭಾನುವಾರಕ್ಕೆ ಬಂದ ಅದೇ ದಾರಿಯಲ್ಲಿ ಅವಳ ರಜೆ ಭಾನುವಾರದಿಂದ ಬುಧವಾರಕ್ಕೆ ಹೋಯಿತು, ಒಂಟಿಯಾಗಿ. ಹಳ್ಳಿಯ ಎತ್ತಿಗೆ ಬದಲಿ ಮಂಗಳವಾರ ಕೊಡುತ್ತೇನೆಂದು ಯಾರಾದರೂ ಸೋಮವಾರ ನೇಗಿಲು ಹೂಡಿದರೆ, ಹೊಲದ ಬದುವಿನ ಮೇಲೆ ನಿಂತು ಕೇಳುವ ನಾಲ್ಕು ಜನ ಇರುತ್ತಿದ್ದರು. ಇಪ್ಪತ್ತೆರಡನೇ ಮಹಡಿಯ ಅಡುಗೆಮನೆಗೆ ಬದು ಇಲ್ಲ.