ಬೇರಿನ ಋಣ

ಮೈಸೂರಿನ ಸರಸ್ವತಿಪುರಂನ ಹಳೆಯ ಮನೆಗಳಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿ ಹಾಕುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಬೇರನ್ನು ನೆನೆಹಾಕಿ, ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ತೆಗೆದು, ಸಣ್ಣಗೆ ಹೆಚ್ಚಿ, ನಿಂಬೆರಸವನ್ನೋ ಮೊಸರನ್ನೋ ಸೇರಿಸಿ ಸಾಸಿವೆ, ಖಾರದಪುಡಿಯಲ್ಲಿ ಊರಿಸುತ್ತಾರೆ. ಅದರ ಘಾಟು ಕೆಲವರಿಗೆ ತಿಗಣೆ ವಾಸನೆ. ಒಗ್ಗಿದವರಿಗೆ ಮೊಸರನ್ನದ ಜೊತೆ ಇನ್ನೇನೂ ಬೇಡ.

ಆದರೆ ಮಾಗಳಿ ಒಣಕಾಡಿನ, ಬಂಡೆ ಸಂದಿನ ಬಳ್ಳಿ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದು. ನೆಲ್ಲಿಕಾಯಿ ಉದುರಿಸಿದರೆ ಮರ ನಿಂತಿರುತ್ತದೆ. ಇಲ್ಲಿ ನಾವು ತಿನ್ನುವುದು ಗಿಡದ ಬದುಕನ್ನೇ. ಹಾಗಾದರೆ ಈ ರುಚಿಯ ಮೇಲೆ ನಮಗಿರುವ ಹಕ್ಕು ಎಂಥದ್ದು?

ಉತ್ತರಕ್ಕೆ ಅಗೆಯುವವರ ಕಡೆ ನೋಡಬೇಕು. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಕಾಡುಗೆಣಸು ಅಗೆದಾಗ ಬಳ್ಳಿಯ ಬುಡದ ತುಂಡನ್ನು ಮತ್ತೆ ಮಣ್ಣಿಗೆ ಸೇರಿಸುತ್ತಾರೆ. ಅವರಿಗೆ ಅಗೆಯುವುದೂ ನೆಡುವುದೂ ಒಂದೇ ಕೆಲಸ. ಹಿಂದೆ ಅವರು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ಬಂದಣಿಕೆ ಹೆಚ್ಚಿತು ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಬೆನ್ನಿಗೆ, ಮಾರಾಟಕ್ಕೆಂದು ಕಿರು ಅರಣ್ಯ ಉತ್ಪನ್ನ ತರುವುದಕ್ಕೆ ಅಲ್ಲಿ ತಡೆ ಬಿತ್ತು. 2011ರಲ್ಲಿ ಅದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಹಲವು ಪೋಡುಗಳ (ಸೋಲಿಗರ ಹಾಡಿಗಳ) ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಇಷ್ಟೆಲ್ಲ ನಡೆಯುವಾಗ ಕಾನೂನು ಪ್ರಶ್ನಿಸಿದ್ದು ಅಗೆಯುವ ಕೈಯನ್ನು. ತಿನ್ನುವ ನಾಲಿಗೆಯನ್ನು ಯಾರೂ ಕೇಳಲಿಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಬೇಡಿಕೆ ಹುಟ್ಟುವುದು ನಮ್ಮ ಅಡುಗೆಮನೆಯಲ್ಲಿ, ಕಳಂಕ ಹೊರುವವರು ಪೋಡಿನವರು.

ಇದೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಾಗಳಿಯ ಅಂಗಾಂಶ ಕೃಷಿಯ ಸಂಶೋಧನೆ ನಡೆದಿದೆ. ಸಸಿ ಮಾಡಿ ಹೊಲದಲ್ಲಿ ಬೆಳೆಸುವುದು ಸಾಧ್ಯವಾದರೆ ಪೇಟೆಯ ಹಸಿವು ಕಾಡಿನ ಮೇಲೆ ಬೀಳದು. ಅದು ಆಗಲೇಬೇಕು. ಆದರೂ ಹೊಲದ ಬೇರು ಭರಣಿ ತುಂಬಿಸೀತೇ ಹೊರತು, ಎಷ್ಟು ಅಗೆದು ಎಷ್ಟು ಬಿಡಬೇಕೆಂದು ಬಲ್ಲವರ ತಿಳಿವಳಿಕೆಯನ್ನು ಉಳಿಸಲಾರದು. ಆ ತಿಳಿವಳಿಕೆ ಕಾಡಿನಲ್ಲಿ ಓಡಾಡಿದರಷ್ಟೇ ಮಕ್ಕಳಿಗೆ ದಾಟುತ್ತದೆ.

ಒಂದು ಬಳ್ಳಿಗೆ ಹಲವು ಬೇರುಗಳಿರುತ್ತವೆ. ಕೆಲವನ್ನು ಬಿಟ್ಟು ಮಣ್ಣು ಮುಚ್ಚಿದರೆ ಅದು ಮತ್ತೆ ಚಿಗುರಬಹುದು. ಹಾಗೆ ಬಿಟ್ಟು ಬರುವವರ ಬುಟ್ಟಿ ಹಗುರವಾಗಿರುತ್ತದೆ, ಬೆಲೆ ಹೆಚ್ಚಾಗಿರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿಗೆ ನಿಂತಾಗ ನಾವು ಇಳಿಸಲು ಹೊರಡುವುದು ಆ ಬಿಟ್ಟುಬಂದ ಬೇರಿನ ಬೆಲೆಯನ್ನೇ.